ಹ್ಯಾವ್ ಐ ಬೀನ್ ಪೋನ್ಡ್: ಸೋರಿಕೆ ಪತ್ತೆಗೊಂದು ಉಚಿತ ಸೇವೆ

ನಿವೃತ್ತ ಶಿಕ್ಷಕರಾದ ನಮ್ಮ ಚಿಕ್ಕಪ್ಪನವರ ಇಮೇಲ್ ವಿಳಾಸವನ್ನು 'ಹ್ಯಾವ್ ಐ ಬೀನ್ ಪೋನ್ಡ್' ಜಾಲತಾಣದಲ್ಲಿ ಹಾಕಿ ನೋಡಿದಾಗ, ಅದು ಮೂರು ಮಾಹಿತಿ ಸೋರಿಕೆಗಳಲ್ಲಿ ಇದೆ ಎಂಬ ಉತ್ತರ ಬಂತು. "ಹಾಗಾದರೆ ನನ್ನ ಪಿಂಚಣಿ ಖಾತೆಗೂ ಕೈ ಹಾಕಿದ್ದಾರೇನಪ್ಪಾ?" ಎಂದು ಅವರು ಗಾಬರಿಯಿಂದ ಕೇಳಿದರು. ಈ ತಾಣ ಅದಕ್ಕೆ ಉತ್ತರ ಕೊಡುವುದಿಲ್ಲ.

ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರ ಡಿಸೆಂಬರ್‌ನಲ್ಲಿ ಆರಂಭಿಸಿದ ಈ ಸೇವೆಯು, ಬೇರೆ ಬೇರೆ ಸಂಸ್ಥೆಗಳಿಂದ ಕಳುವಾಗಿ ಬಯಲಿಗೆ ಬಿದ್ದ ಬಳಕೆದಾರರ ಪಟ್ಟಿಗಳನ್ನು ಕಲೆಹಾಕಿ, ನಮ್ಮ ವಿಳಾಸ ಯಾವುದರಲ್ಲಿದೆ, ಅದರೊಡನೆ ಇನ್ನಾವ ಮಾಹಿತಿ ಹೋಗಿದೆ ಎಂಬುದನ್ನು ಹಣ ಪಡೆಯದೆ ತಿಳಿಸುತ್ತದೆ. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕಳುವಾದ 16 ಕೋಟಿಗೂ ಹೆಚ್ಚು ವಿಳಾಸಗಳ ಪಟ್ಟಿ ಹೊರಬಿದ್ದದ್ದು 2016ರಲ್ಲಿ. ಆದ್ದರಿಂದ 'ಸೋರಿಕೆ ಕಂಡಿಲ್ಲ' ಎಂಬ ಉತ್ತರವನ್ನು ಅಂದಿನ ಮಟ್ಟಿಗೆ ಮಾತ್ರ ನಂಬಬೇಕು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಪಾಸ್‌ವರ್ಡ್ ಸೋರಿದೆಯೇ ಎಂದು ಪರೀಕ್ಷಿಸುವ ವಿಭಾಗ. ಗುಟ್ಟಿನ ಪದವನ್ನು ಅಪರಿಚಿತ ತಾಣಕ್ಕೆ ಒಪ್ಪಿಸುವುದೇ ಎಂಬ ಅನುಮಾನ ಸಹಜ. ಆದರೆ ಇಲ್ಲಿ ನಮ್ಮ ಬ್ರೌಸರ್ ಆ ಪದವನ್ನು 40 ಅಕ್ಷರಗಳ ಹ್ಯಾಶ್ ಆಗಿ, ಅಂದರೆ ಮೂಲ ಪದಕ್ಕೆ ನೇರವಾಗಿ ಹಿಂತಿರುಗಿಸಲಾಗದ ಸಂಕೇತವಾಗಿ ಮಾರ್ಪಡಿಸಿ, ಮೊದಲ ಐದನ್ನು ಮಾತ್ರ ಕಳುಹಿಸುತ್ತದೆ. ಆ ಐದರಿಂದ ಶುರುವಾಗುವ ಹ್ಯಾಶ್‌ಗಳೆಲ್ಲ ಹಿಂದಿರುಗಿ ಬಂದ ಮೇಲೆ ಹೋಲಿಕೆ ನಮ್ಮ ಯಂತ್ರದಲ್ಲಿಯೇ ನಡೆಯುತ್ತದೆ. '123456' ಎಂದು ಹಾಕಿದರೆ ಸೋರಿದ ಪಟ್ಟಿಗಳಲ್ಲಿ 3 ಕೋಟಿಗೂ ಹೆಚ್ಚು ಸಲ ಕಂಡಿದೆ ಎನ್ನುತ್ತದೆ.

ಕೊರತೆ ಇರುವುದು ಮಾತಿನಲ್ಲಿ. 'ಪೋನ್ಡ್' ಎಂಬುದು 'ಓನ್ಡ್' ಪದದ ಕಾಗುಣಿತ ತಪ್ಪಿ ಹುಟ್ಟಿದ, ಎದುರಾಳಿ ಸೋತು ಸುಣ್ಣವಾದ ಎಂಬರ್ಥದ, ಆನ್‌ಲೈನ್ ಆಟಗಾರರ ನುಡಿ; ಚಿಕ್ಕಪ್ಪನವರಂಥವರಿಗೆ ಅದು ಏನನ್ನೂ ಹೇಳುವುದಿಲ್ಲ. ನಮ್ಮಲ್ಲಂತೂ ಯಾರೋ ನಮ್ಮ ಫೋಟೊ ಹಾಕಿ ನಕಲಿ ಫೇಸ್‌ಬುಕ್ ಖಾತೆ ತೆರೆದರೂ, ಫೋನಿನಲ್ಲಿ ಒಟಿಪಿ ಹೇಳಿ ಹಣ ಕಳೆದುಕೊಂಡರೂ, ಅಂಗಡಿಯೊಂದರ ಗ್ರಾಹಕರ ಪಟ್ಟಿ ಸೋರಿದರೂ ಎಲ್ಲಕ್ಕೂ 'ಹ್ಯಾಕ್ ಆಗಿದೆ' ಎಂಬ ಒಂದೇ ಮಾತು. ಈ ತಾಣ ಮೊದಲ ಎರಡನ್ನು ಪತ್ತೆಹಚ್ಚಲಾರದು. ಮೂರನೆಯದನ್ನು ತಿಳಿಸಿದರೂ, ಸೋರಿದ ಪಾಸ್‌ವರ್ಡ್‌ನಿಂದ ಯಾರಾದರೂ ನಮ್ಮ ಖಾತೆಯೊಳಗೆ ಬಂದಿದ್ದಾರೆಯೇ ಎಂಬುದನ್ನು ಹೇಳಲಾರದು.

ಚಿಕ್ಕಪ್ಪನವರ ವಿಷಯದಲ್ಲಿ ಸೋರಿದ ಮೂರೂ ಪಟ್ಟಿಗಳು ಖರೀದಿ ತಾಣಗಳದ್ದು. ಅವುಗಳ ಪೈಕಿ ಒಂದರಲ್ಲಿ ಬಳಸಿದ್ದ ಪಾಸ್‌ವರ್ಡ್ಡನ್ನೇ ಇಮೇಲ್‌ಗೂ ಇಟ್ಟಿದ್ದರಿಂದ ಅದನ್ನು ಆ ಸಂಜೆಯೇ ಬದಲಿಸಿ, ಎರಡು ಹಂತದ ದೃಢೀಕರಣವನ್ನೂ ಹಾಕಿಸಿದೆವು. ಅಷ್ಟರ ಮಟ್ಟಿಗೆ ಸೇವೆ ಸಾರ್ಥಕ. ಆದರೆ ಎಲ್ಲದಕ್ಕೂ ಮೊಬೈಲ್ ಸಂಖ್ಯೆಯನ್ನೇ ಕೊಟ್ಟಿರುವ ನಮ್ಮ ಚಿಕ್ಕಮ್ಮನವರಿಗೆ, ಇಮೇಲ್ ವಿಳಾಸ ಕೇಳುವ ಈ ಇಂಗ್ಲಿಷ್ ಪುಟದಿಂದ ಏನೂ ಉಪಯೋಗವಾಗಲಿಲ್ಲ.