ದುಬಾರಿ ಮೆಕ್ಯಾನಿಕಲ್ ಕೀಬೋರ್ಡ್, ಅದೂ ಮಡಿಕೇರಿ ಮಳೆಯಲ್ಲಿ

15,000 ರೂಪಾಯಿಯ ಮೆಕ್ಯಾನಿಕಲ್ ಕೀಬೋರ್ಡ್ ಬೇಕಾ? ನನ್ನ ಪ್ರಕಾರ 5,000ದ ಒಳಗೇ ಬೇಕಾದದ್ದೆಲ್ಲ ಸಿಗುತ್ತದೆ. ಇದರಲ್ಲಿ ಒಂದೊಂದು ಕೀಯ ಕೆಳಗೂ ಒಂದೊಂದು ಬಿಡಿ ಸ್ವಿಚ್ ಇರುತ್ತದೆ, ಟೈಪ್ ಮಾಡುವ ಸುಖ ಇರುವುದು ಆ ಸ್ವಿಚ್‌ನಲ್ಲಿ. ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್‌ನಲ್ಲಿ ಕೀ 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2 ಮಿಲಿಮೀಟರ್‌ಗೇ ಅಕ್ಷರ ಬೀಳುತ್ತದೆ, ಹಾಗಾಗಿ ತಳದವರೆಗೆ ಗುದ್ದಬೇಕಾಗಿಲ್ಲ, ದಿನವಿಡೀ ಬರೆದರೂ ಬೆರಳು ಸೋಲುವುದು ಕಡಿಮೆ. ಚೆರ್ರಿಯ ಪೇಟೆಂಟ್ ಮುಗಿದ ಮೇಲೆ ಗೇಟರಾನ್, ಕೈಲ್ ತರಹದ ಚೀನಾ ಕಂಪನಿಗಳು ಅದೇ ಮಾದರಿಯನ್ನು ಅಗ್ಗಕ್ಕೆ ಮಾಡುತ್ತಿವೆ, ಚೆನ್ನಾಗಿಯೇ ಇವೆ. ಜಾಸ್ತಿ ದುಡ್ಡು ಹೋಗುವುದು ಅಲ್ಯೂಮಿನಿಯಂ ಹೊರಕವಚಕ್ಕೆ, ಸುಮ್ನೆ ಮಿನುಗುವ ಲೈಟಿಗೆ.

ನಮ್ಮ ಮಡಿಕೇರಿಯಲ್ಲಿ ಬೇರೆಯೇ ತಲೆನೋವು. ಜೂನ್ ಬಂತೆಂದರೆ ಬೆಲ್ಟು, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಸ್ವಿಚ್ ಒಳಗಿರುವುದು ಲೋಹ ಅಲ್ವಾ, ತೇವಕ್ಕೆ ಅದೂ ಕೆಡಬಹುದು, ಬೆಲೆ ನೋಡಿ ತೇವ ಹೊರಗೆ ನಿಲ್ಲುವುದಿಲ್ಲ. ಅದಕ್ಕೇ ಹಾಟ್‌ಸ್ವಾಪ್ ಇರುವುದನ್ನೇ ತಗೊಳ್ಳಿ. ಬೆಸುಗೆ ಬಿಡಿಸದೆ ಕೆಟ್ಟ ಸ್ವಿಚ್ ಒಂದನ್ನೇ ಕಿತ್ತು ಬದಲಿಸಬಹುದು, ರಿಪೇರಿಗೆಂದು ಮೈಸೂರಿಗೆ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ. ಕೀಕ್ಯಾಪ್, ಅಂದರೆ ಕೀಯ ಮೇಲಿನ ಟೋಪಿ, ಪಿಬಿಟಿ ಪ್ಲಾಸ್ಟಿಕ್‌ನದೇ ಇರಲಿ, ಎಬಿಎಸ್ ಪ್ಲಾಸ್ಟಿಕ್ ಬೇಗ ಸವೆದು ಹೊಳೆಯುತ್ತದೆ. ಟಕಟಕ ಎನ್ನುವ ಬ್ಲೂ ಸ್ವಿಚ್ ಮಾತ್ರ ಬೇಡ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಗೊತ್ತಾಗುವುದಿಲ್ಲ, ಮಳೆ ನಿಂತ ರಾತ್ರಿ ಮನೆಯವರೆಲ್ಲ ಸೇರಿ ಬೈಯುತ್ತಾರೆ.