ಸೇಜ್‌ಮ್ಯಾತ್ ಸೋರ್ಸ್‌ನಿಂದ: ಆಪ್ಟ್, ಕಾಂಡಾ, ಇಲ್ಲಾ ಎಲ್ಲವನ್ನೂ ಸೇಜ್‌ಗೇ ಬಿಡುವುದಾ?

ಸೇಜ್‌ಮ್ಯಾತ್, ಚಿಕ್ಕದಾಗಿ ಸೇಜ್, ಗಣಿತಕ್ಕಿರುವ ಪುಕ್ಕಟೆ ಸಾಫ್ಟ್‌ವೇರ್. ಅದನ್ನು ಸೋರ್ಸ್‌ನಿಂದ, ಅಂದರೆ ಮೂಲ ಕೋಡಿನಿಂದ ನಾವೇ ಕಂಪೈಲ್ ಮಾಡಿ ಕಟ್ಟಿಕೊಳ್ಳುವಾಗ, ಅದಕ್ಕೆ ಬೇಕಾದ ಉಳಿದ ಸಾಫ್ಟ್‌ವೇರ್‌ಗಳನ್ನು ಉಬುಂಟು ಲಿನಕ್ಸ್‌ನ ಆಪ್ಟ್‌ನಿಂದ ತರಬಹುದು, ಕಾಂಡಾ ಎನ್ನುವ ಬೇರೊಂದು ಪ್ಯಾಕೇಜ್ ಮ್ಯಾನೇಜರ್‌ನಿಂದ ತರಬಹುದು, ಇಲ್ಲಾ ಸೇಜ್‌ಗೇ ಬಿಡಬಹುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಂಡಾಗೆ. ಆಪ್ಟ್ ದಾರಿಯಲ್ಲಿ ಕಟ್ಟಿಕೊಂಡಿದ್ದ ಸೇಜ್, ಉಬುಂಟು ಅಪ್‌ಗ್ರೇಡ್ ಆದ ಮೇಲೆ ಮೇಲೇಳಲೇ ಇಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಮೈಸೂರಿನಲ್ಲಿ ಎಂಎಸ್ಸಿ ಹುಡುಗರಿಗೆ ಗ್ರಾಫ್ ಥಿಯರಿ ಹೇಳಿಕೊಡುತ್ತೇನೆ. ಸರಸ್ವತಿಪುರಂನಲ್ಲಿ ಬಾಡಿಗೆ ರೂಮು, ರಜೆ ಬಂದರೆ ಮಂಡ್ಯದ ಮನೆ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, ರ‍್ಯಾಮ್ 8 ಜಿಬಿ. ಇಂಥದ್ದೇ ಕೆಲಸ ಮಾಡುವ ಮ್ಯಾಥಮೆಟಿಕಾದ ಲೈಸೆನ್ಸಿಗೆ ದುಡ್ಡು ಹಾಕುವ ಆಸೆ ಇಲ್ಲ. ಸೇಜ್‌ನ ಗ್ರಾಫ್ ಕೋಡಿನಲ್ಲಿ ಆಗಾಗ ಕೈಯಾಡಿಸುವ ಚಟ ಇದೆ, ಅದಕ್ಕೇ ಸೋರ್ಸ್ ಬೇಕು. ಆ ಚಟ ಇಲ್ಲದವರಿಗೆ ಇಷ್ಟೆಲ್ಲ ಬೇಡ. ಉಬುಂಟು 22.04ರಲ್ಲಿ ಸೇಜ್ 9.5 ರೆಡಿಮೇಡ್ ಸಿಗುತ್ತದೆ, ಹಳೆಯದಾದರೂ ಪಾಠಕ್ಕೆ ಸಾಕು.

ತೊಂದರೆ ಎಲ್ಲಿಂದ ಬರುತ್ತದೆ ಅಂದರೆ, ಸೇಜ್ ಒಂದೇ ಸಾಫ್ಟ್‌ವೇರ್ ಅಲ್ಲ. 2005ರಲ್ಲಿ ವಿಲಿಯಂ ಸ್ಟೈನ್ ಇದನ್ನು ಶುರು ಮಾಡಿದಾಗಲೇ, ಇರುವುದನ್ನೆಲ್ಲ ಪೈಥಾನ್‌ನಲ್ಲಿ ಪೋಣಿಸೋಣ ಎನ್ನುವ ಲೆಕ್ಕ. ನಂಬರ್ ಥಿಯರಿಗೆ ಪಾರಿ, ಗ್ರೂಪ್‌ಗಳಿಗೆ ಗ್ಯಾಪ್, ಪಾಲಿನಾಮಿಯಲ್‌ಗೆ ಸಿಂಗ್ಯುಲರ್, ಕ್ಯಾಲ್ಕುಲಸ್‌ಗೆ ಮ್ಯಾಕ್ಸಿಮಾ. ಇವುಗಳ ಕೆಳಗೆ ಜಿಎಂಪಿ, ಎಂಪಿಎಫ್ಆರ್, ಫ್ಲಿಂಟ್, ಎನ್‌ಟಿಎಲ್ ಎನ್ನುವ ಲೆಕ್ಕದ ಲೈಬ್ರರಿಗಳು. ಇವನ್ನೆಲ್ಲ ಯಾರು ತಂದುಕೊಡಬೇಕು ಅನ್ನುವುದರಲ್ಲೇ ಮೂರೂ ದಾರಿ ಬೇರೆಯಾಗುತ್ತವೆ.

ಮೊದಲನೆಯದು, ಎಲ್ಲವನ್ನೂ ಸೇಜ್‌ಗೇ ಬಿಡುವುದು. ಹಿಂದೆ ಮೇಲುಕೋಟೆ ವೈರಮುಡಿಗೆ ಗಾಡಿ ಕಟ್ಟಿಕೊಂಡು ಹೊರಡುತ್ತಿದ್ದವರ ಹಾಗೆ, ಒಲೆಯಿಂದ ಹಿಡಿದು ಅಕ್ಕಿಯವರೆಗೆ ಎಲ್ಲ ಹೊತ್ತುಕೊಂಡೇ ಬರುತ್ತದೆ. ಕಂಪೈಲರ್‌ನಂಥ ಕೆಲವನ್ನು ಬಿಟ್ಟರೆ ಯಾರ ಹಂಗೂ ಇಲ್ಲ. ಆದರೆ ನನ್ನಂಥ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಕಂಪೈಲ್, ಫ್ಯಾನು ನಿಲ್ಲುವುದೇ ಇಲ್ಲ. ನಾಲ್ಕು ಕೆಲಸ ಒಟ್ಟಿಗೆ ಹಚ್ಚಿದರೆ ರ‍್ಯಾಮ್ ತುಂಬಿ ಮೌಸ್ ಕೂಡ ಅಲ್ಲಾಡದು, ಎರಡೇ ವಾಸಿ. ಒಂದು ಸಮಾಧಾನ ಇದೆ. ಮಧ್ಯದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆರಿದರೂ ಮುಗಿದ ಪ್ಯಾಕೇಜ್ ಮುಗಿದಂತೆಯೇ ಉಳಿಯುತ್ತದೆ, ಕಟ್ಟುವ ಕಮಾಂಡ್ ಆದ ಮೇಕ್ ಮತ್ತೆ ಕೊಟ್ಟರೆ ಅರ್ಧಕ್ಕೆ ನಿಂತದ್ದರಿಂದ ಶುರು. 10 ಜಿಬಿ ಜಾಗ ಖಾಲಿ ಇರಲಿ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಬೇಡ, ಕಟ್ಟಲು ಶುರು ಮಾಡಿದ ಮೇಲೆ ಫೋಲ್ಡರ್ ಕದಲಿಸಲೂ ಬೇಡಿ.

ಎರಡನೆಯದು ಆಪ್ಟ್. ಶುರುವಿನಲ್ಲಿ ಇದರಷ್ಟು ಸುಖ ಇನ್ನೊಂದಿಲ್ಲ, ಅದನ್ನು ಒಪ್ಪಲೇಬೇಕು. ಸೇಜ್‌ನ ಕಾನ್ಫಿಗರ್ ಓಡಿಸಿದರೆ ನಿಮ್ಮ ಸಿಸ್ಟಮ್‌ನಲ್ಲಿ ಏನೇನಿದೆ ಎಂದು ನೋಡಿ, ಇಲ್ಲದ್ದನ್ನು ಹಾಕಿಕೊಳ್ಳುವ ಕಮಾಂಡನ್ನೇ ಕೊನೆಯಲ್ಲಿ ಬರೆದು ಕೊಡುತ್ತದೆ. ಅದನ್ನು ಕಾಪಿ ಮಾಡಿ ಹಾಕಿ, ಕಾನ್ಫಿಗರ್ ಇನ್ನೊಮ್ಮೆ ಓಡಿಸಿದರೆ ಕಟ್ಟಬೇಕಾದ ಪಟ್ಟಿ ಸರಸರ ಇಳಿಯುತ್ತದೆ. ಸಿಸ್ಟಮ್‌ನಲ್ಲಿರುವ ಆವೃತ್ತಿ ಹಳೆಯದಾದರೆ ಅದಷ್ಟನ್ನೇ ತಾನು ಕಟ್ಟಿಕೊಳ್ಳುತ್ತದೆ.

ಈಗ ಆ ಅಪ್‌ಗ್ರೇಡ್ ಕತೆ. ಉಬುಂಟು 22.04ರಲ್ಲಿ ಪೈಥಾನ್ 3.10, 24.04ರಲ್ಲಿ 3.12. ಆಪ್ಟ್ ದಾರಿಯಲ್ಲಿ ಕಟ್ಟಿದ ಸೇಜ್ ತನ್ನದೇ ಪೈಥಾನ್ ಇಟ್ಟುಕೊಂಡಿರುವುದಿಲ್ಲ, ಸಿಸ್ಟಮ್‌ನ ಪೈಥಾನ್ ಮೇಲೆ ಒಂದು ವೆನ್ವ್, ಅಂದರೆ ತನ್ನ ಪೈಥಾನ್ ಪ್ಯಾಕೇಜ್‌ಗಳಿಗೆ ಒಂದು ಪ್ರತ್ಯೇಕ ಫೋಲ್ಡರ್, ಮಾಡಿಕೊಂಡಿರುತ್ತದೆ. ಆ ವೆನ್ವ್ ಫೋಲ್ಡರಿನ ಹೆಸರಿನಲ್ಲೇ 3.10 ಅಂತ ಇರುತ್ತದೆ. ಅಪ್‌ಗ್ರೇಡ್ ಆಯಿತು, 3.10 ಹೋಯಿತು, ವೆನ್ವ್ ಕೆಳಗಿನ ನೆಲವೇ ಕುಸಿಯಿತು. ಪಕ್ಕದಲ್ಲಿ ಕೂತಿದ್ದ ಹುಡುಗ "ಸರ್, ಪೈಥಾನೇ ಇಲ್ಲ ಅಂತಿದೆ" ಅಂದ. ಇದೆಯಲ್ಲಪ್ಪಾ, ಟರ್ಮಿನಲ್‌ನಲ್ಲಿ ಕರೆದರೆ ಬರುತ್ತದೆ! ಆದರೆ ಅದು ಸೇಜ್‌ಗೆ ಬೇಕಾದ ಪೈಥಾನ್ ಅಲ್ಲ.

ಕಾನ್ಫಿಗರ್ ಮತ್ತೆ ಓಡಿಸಿ ಮೇಕ್ ಕೊಟ್ಟರೆ 3.12ಕ್ಕೆ ಹೊಸ ವೆನ್ವ್ ಬರುತ್ತದೆ, ಪೈಥಾನ್ ಪ್ಯಾಕೇಜ್‌ಗಳೆಲ್ಲ ಹೊಸದಾಗಿ ಕೂರುತ್ತವೆ. ಅಲ್ಲಿಗೆ ಮುಗಿದಿದ್ದರೆ ನಾನು ಬಯ್ಯುತ್ತಿರಲಿಲ್ಲ. ಪೈಥಾನ್ ಅಲ್ಲದವುಗಳ ವಿಷಯವೇ ಬೇರೆ. ಹಿಂದೆ ಸೇಜ್ ತಾನೇ ಕಟ್ಟಿದ ಒಂದು ಪ್ರೋಗ್ರಾಂ ಸಿಸ್ಟಮ್‌ನ ಒಂದು ಲೈಬ್ರರಿಗೆ ಅಂಟಿಕೊಂಡಿದೆ ಅಂದುಕೊಳ್ಳಿ. ಅಪ್‌ಗ್ರೇಡ್‌ನಲ್ಲಿ ಆ ಲೈಬ್ರರಿ ಫೈಲಿನ ಹೆಸರಿನ ಕೊನೆಯ ಅಂಕೆ ಬದಲಾದರೆ ಆ ಪ್ರೋಗ್ರಾಂಗೆ ಅದು ಸಿಗುವುದೇ ಇಲ್ಲ. ಇತ್ತ ಸೇಜ್‌ನ ಲೆಕ್ಕದ ಪುಸ್ತಕದಲ್ಲಿ ಅದು "ಕಟ್ಟಿ ಆಗಿದೆ" ಅಂತಲೇ ಇರುತ್ತದೆ. ಮೇಕ್ ಅದನ್ನು ಮುಟ್ಟದೆ ಮುಂದೆ ಹೋಗುತ್ತದೆ. ಸೇಜ್ ತೆರೆದಾಗ, ಕೆಲವು ಸಲ ಯಾವುದೋ ಫಂಕ್ಷನ್ ಕರೆದಾಗ, ಲೈಬ್ರರಿ ಫೈಲ್ ಇಲ್ಲ ಅಂತ ಬೀಳುತ್ತದೆ. ಯಾವ ಲೈಬ್ರರಿ ಸಿಗುತ್ತಿಲ್ಲ ಎಂದು ತೋರಿಸುವ ಎಲ್‌ಡಿಡಿ ಕಮಾಂಡ್ ಹಾಕಿ ಒಂದೊಂದನ್ನೇ ನೋಡುವುದು, ಸಿಗದ್ದು ಕಂಡರೆ ಆ ಪ್ಯಾಕೇಜನ್ನು ಕ್ಲೀನ್ ಮಾಡಿ ಮತ್ತೆ ಕಟ್ಟುವುದು, ಆಮೇಲೆ ಮುಂದಿನದ್ದು. ಒಂದು ಹಂತದಲ್ಲಿ ತಾಳ್ಮೆ ಮುಗಿದು ಡಿಸ್ಟ್‌ಕ್ಲೀನ್ ಕೊಟ್ಟೆ. ಅಂದರೆ ಎಲ್ಲ ಅಳಿಸಿ ಮೊದಲಿಂದ. ಅಪ್‌ಗ್ರೇಡ್ ಮಾಡದೆ ಐದು ವರ್ಷ ಒಂದೇ ಉಬುಂಟು ಇಟ್ಟುಕೊಳ್ಳುವವರಿಗೆ ಈ ಗೋಳು ಇಲ್ಲ, ಅವರು ಆಪ್ಟ್‌ನಲ್ಲೇ ಹಾಯಾಗಿರಬಹುದು.

ಕಾಂಡಾ ಗೆದ್ದಿದ್ದು ಇಲ್ಲೇ. ಪೈಥಾನ್, ಪಾರಿ, ಗ್ಯಾಪ್, ಕಂಪೈಲರ್ ಎಲ್ಲ ಅದರ ಪರಿಸರದೊಳಗೇ (ಎನ್ವಿರಾನ್ಮೆಂಟ್, ಅಂದರೆ ಅದರದ್ದೇ ಪ್ರತ್ಯೇಕ ಫೋಲ್ಡರ್) ಇರುತ್ತವೆ. ಉಬುಂಟು ಏನಾದರೂ ಮಾಡಿಕೊಳ್ಳಲಿ. ಕಾಂಡಾದ ಇನ್‌ಸ್ಟಾಲರ್ ಆದ ಮಿನಿಫೋರ್ಜ್ ಹಾಕಿ, ಸೇಜ್ ಸೋರ್ಸ್ ಜೊತೆಗೇ ಬರುವ ಎನ್ವಿರಾನ್ಮೆಂಟ್ ಫೈಲ್ ಕೊಟ್ಟರೆ, ಅದರ ಜೊತೆ ಬರುವ ಮಾಂಬಾ ಕಮಾಂಡ್ ಎಲ್ಲವನ್ನೂ ಕಾಂಡಾ-ಫೋರ್ಜ್ ಎನ್ನುವ ಪ್ಯಾಕೇಜ್ ಭಂಡಾರದಿಂದ ತಯಾರಾಗಿಯೇ ಇಳಿಸಿಕೊಳ್ಳುತ್ತದೆ. ನಾವು ಕಂಪೈಲ್ ಮಾಡಬೇಕಾದ್ದು ಸೇಜ್‌ನ ಸ್ವಂತ ಲೈಬ್ರರಿ ಮಾತ್ರ. ಗ್ರಾಫ್ ಕೋಡ್ ತಿದ್ದುವ ನನಗೆ ಬೇಕಿದ್ದದ್ದೂ ಅದೊಂದೇ. ಹೊಸ ಸೇಜ್ ಬಂದಾಗ ಹಳೆಯ ಪರಿಸರಕ್ಕೆ ತೇಪೆ ಹಾಕುವುದಿಲ್ಲ, ಹೊಸದೊಂದು ಮಾಡಿ ಅದು ಓಡಿದ ಮೇಲೆ ಹಳೆಯದನ್ನು ತೆಗೆಯುತ್ತೇನೆ.

ಕಾಂಡಾದಲ್ಲೂ ಕಿರಿಕಿರಿ ಇಲ್ಲ ಅಂತಲ್ಲ. ಡೌನ್‌ಲೋಡ್ ಜಾಸ್ತಿ, ದಿನದ ಮೊಬೈಲ್ ಡೇಟಾ ನಂಬಿ ಶುರು ಮಾಡಬೇಡಿ. ಕಾಂಡಾ ಮೊದಲೇ ಮಾಡಿಟ್ಟಿರುವ ಬೇಸ್ ಪರಿಸರ ಟರ್ಮಿನಲ್ ತೆರೆದ ಕೂಡಲೇ ಆನ್ ಆಗುವುದನ್ನು ಮೊದಲು ನಿಲ್ಲಿಸಿ. ಅದು ಆನ್ ಇರುವಾಗಲೇ ಮೊದಲೆರಡು ದಾರಿಯಲ್ಲಿ ಕಟ್ಟಲು ಹೋದರೆ ಸಿಸ್ಟಮ್ ಲೈಬ್ರರಿ, ಕಾಂಡಾ ಲೈಬ್ರರಿ ಕಲಸಿಹೋಗುತ್ತವೆ. ಒಮ್ಮೆ ಡಿಆಕ್ಟಿವೇಟ್ ಮಾಡಿದರಷ್ಟೇ ಸಾಲದು, ಯಾವ ಪರಿಸರವೂ ಆನ್ ಇಲ್ಲ ಎಂದು ಕಾಂಡಾ ತೋರಿಸುವವರೆಗೂ ಮತ್ತೆ ಮತ್ತೆ ಮಾಡಿ ಎಂದು ಸೇಜ್‌ನವರೇ ಬರೆದಿದ್ದಾರೆ.

ಮಂಡ್ಯದ ಮನೆಯ ಹಳೇ ಡೆಸ್ಕ್‌ಟಾಪಿಗೆ ಮಾತ್ರ ನಾನೂ ಮೊದಲ ದಾರಿಯನ್ನೇ ಹಿಡಿದಿದ್ದೇನೆ. ಅಲ್ಲಿ ನೆಟ್ ಇಲ್ಲ. ಸೇಜ್‌ನ ಪೂರ್ತಿ ಸೋರ್ಸ್ ಟಾರ್‌ಬಾಲ್‌ನಲ್ಲಿ (ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿದ ಕಂತೆ) ಬೇಕಾದ ಪ್ಯಾಕೇಜ್‌ಗಳ ಸೋರ್ಸೂ ಇರುತ್ತದೆ, ಪೆನ್‌ಡ್ರೈವ್‌ನಲ್ಲಿ ಒಯ್ದರೆ ಆಯಿತು. ರಾತ್ರಿ ಮೇಕ್ ಕೊಟ್ಟು ಮಲಗಿದರೆ ಅದರ ಪಾಡಿಗೆ ಅದು. ಲ್ಯಾಪ್‌ಟಾಪಿನಲ್ಲಿ ಕಾಂಡಾವೇ. ಡಿಸ್ಕ್ ತುಂಬಿತು ಅನ್ನಿಸಿದರೆ ಅದು ಬಚ್ಚಿಟ್ಟುಕೊಂಡ ಹಳೆಯ ಪ್ಯಾಕೇಜ್‌ಗಳನ್ನು ಕ್ಲೀನ್ ಕಮಾಂಡ್ ಕೊಟ್ಟು ತೆಗೆಯಿರಿ, ಒಳ್ಳೆಯಷ್ಟು ಜಾಗ ಸಿಗುತ್ತದೆ.