ಬೆಳಗಿನ 10 ನಿಮಿಷವೋ, ವಾಟ್ಸ್ಆ್ಯಪ್ ಗ್ರೂಪೋ?

ಮುಂಬಯಿಯ ಮಾಟುಂಗಾದಲ್ಲೋ ಪಕ್ಕದ ಠಾಣೆ ಜಿಲ್ಲೆಯ ಡೊಂಬಿವಲಿಯಲ್ಲೋ ಹತ್ತು-ಹನ್ನೆರಡು ಜನರನ್ನಿಟ್ಟುಕೊಂಡು ಉಡುಪಿ ಹೋಟೆಲ್ ನಡೆಸುವವರಿಗೆ ನಮ್ಮ ಸಲಹೆ ಇಷ್ಟು: ಕೆಲಸ ಹಂಚಲು ನಿಂತೇ ಮಾತಾಡುವ 10 ನಿಮಿಷ, ದಾಖಲೆಗೆ ಗ್ರೂಪ್.

ಗ್ರೂಪಿನಿಂದ ಸಂಜೆ ಪಾಳಿಯವರಿಗೂ ಸುದ್ದಿ ಮುಟ್ಟುತ್ತದೆ. ಯಾರು ಓದಿದರೆಂದೂ ತಿಳಿಯುತ್ತದೆ. ಆದರೆ ಓದಿದ್ದು ಬೇರೆ, ಒಪ್ಪಿಕೊಂಡಿದ್ದು ಬೇರೆ. "ನಾಳೆ ಯಾರಾದರೂ ಬೇಗ ಬನ್ನಿ" ಎಂದು ಹಾಕಿದರೆ ಎಲ್ಲರೂ ಹೆಬ್ಬೆಟ್ಟಿನ ಎಮೋಜಿ ಒತ್ತುತ್ತಾರೆ, ಬೆಳಿಗ್ಗೆ ಒಬ್ಬರೂ ಇರುವುದಿಲ್ಲ. ಮೆಸೇಜಿನಲ್ಲಿ ಆಳು, ಕೆಲಸ, ಗಂಟೆ ಮೂರೂ ಇರಲಿ: "ಭಟ್ರೇ, ಮೊದಲ ಇಡ್ಲಿ ಪಾತ್ರೆ 5.30ಕ್ಕೆ ಒಲೆ ಮೇಲಿರಬೇಕು." ಕನ್ನಡ ಓದಲು ಬಾರದ ಹುಡುಗರಿಗೆ ಹಿಂದಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿ.

ಎದುರೆದುರು ಮಾತಿನಲ್ಲಿ ಮುಖ ಕಾಣುತ್ತದೆ. ಭಟ್ಟರು ಹುಬ್ಬು ಗಂಟಿಕ್ಕಿದರೆ ಅಲ್ಲೇ ಕಾರಣ ಕೇಳಬಹುದು. ಬಾಗಿಲು ತೆರೆಯುವ ಮುನ್ನ ಮೂರೇ ವಿಷಯ: ಇವತ್ತು ಯಾವ ತಿಂಡಿ ಇಲ್ಲ, ಯಾರು ರಜೆ, ನಿನ್ನೆ ಗಿರಾಕಿ ದೂರಿದ್ದೇನು. ಕೊನೆಗೆ ಅವರವರ ಕೆಲಸವನ್ನು ಅವರ ಬಾಯಲ್ಲೇ ಹೇಳಿಸಿ. ತಪ್ಪು ತಿಳಿದಿದ್ದರೆ ಆಗಲೇ ಹೊರಬೀಳುತ್ತದೆ. ಮಾತು ಉದ್ದವಾದರೆ ಅದು ಯಜಮಾನರ ಭಾಷಣ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಬೈಯುವುದು ಎರಡು ಕಡೆಯೂ ಬೇಡ. ಎಲ್ಲರೆದುರು ಮರ್ಯಾದೆ ಕಳೆದುಕೊಂಡ ಸಪ್ಲೈಯರ್‌ಗೆ ಪಕ್ಕದ ಹೋಟೆಲ್ ದೂರವಿಲ್ಲ. ಗಲ್ಲಾದ ಹಿಂದೆ ಒಬ್ಬನನ್ನೇ ಕರೆದು ಹೇಳಿ.